ಓಡಿಸಿದರೆ ಬೆಲೆ ಬೀಳುತ್ತಾ?
'ಇಂಥ ಅಪರೂಪದ ಕಾರು ಓಡಿಸಿದಷ್ಟೂ ಬೆಲೆ ಬೀಳುತ್ತದೆ, ಬಟ್ಟೆ ಹೊದಿಸಿ ಇಡುವುದೇ ಜಾಣತನ' ಅನ್ನುವ ಮಾತು ಮೆಕ್‌ಲಾರೆನ್ ಎಫ್1 ಅನ್ನುವ ಬ್ರಿಟಿಷ್ ಸೂಪರ್‌ಕಾರಿನ ವಿಷಯದಲ್ಲಂತೂ ಪೂರ್ತಿ ನಿಜವಲ್ಲ. ತಯಾರಾಗಿದ್ದೇ ಒಟ್ಟು 106. ಅದರಲ್ಲೊಂದನ್ನು ರೋವನ್ ಅಟ್ಕಿನ್ಸನ್ (ಅದೇ, ನಮ್ಮ ಮಿಸ್ಟರ್ ಬೀನ್!) ಸುಮಾರು 66,000 ಕಿ.ಮೀ. ಓಡಿಸಿದರು, ಎರಡು ಸಲ ಗುದ್ದಿದರು. ಆದರೂ 2015ರಲ್ಲಿ ಅದು ಸುಮಾರು 80 ಲಕ್ಷ ಪೌಂಡಿಗೆ ಹೋಯಿತು, ಕೊಂಡ ಬೆಲೆಯ ಎಷ್ಟೋ ಪಟ್ಟು ಜಾಸ್ತಿ. ಇನ್ನು ಎಂಜಿನ್ ಗೂಡಿಗೆ ಹಚ್ಚಿದ ಚಿನ್ನದ ಹಾಳೆ ಸುಮ್ನೆ ಶೋಕಿಗಲ್ಲ, ಶಾಖ ತಡೆಯುವುದಕ್ಕೆ. ಕಾರಿನ ನಟ್ಟನಡುವೆ ಇರುವ ಚಾಲಕನ ಸೀಟು, ಪೆಡಲ್ ಎಲ್ಲವನ್ನೂ ಕೊಂಡವರ ಮೈಯಳತೆಗೆ ಹೊಂದಿಸಿ ಕೊಡುತ್ತಿದ್ದರು, ದರ್ಜಿ ಅಂಗಿ ಹೊಲಿದ ಹಾಗೆ. ಬಟ್ಟೆ ಹೊದಿಸಿ ನಿಲ್ಲಿಸೋದಕ್ಕೆ ಅಳತೆ ಯಾಕೆ ಬೇಕಿತ್ತು ಸ್ವಾಮಿ?