ಗ್ಯಾಸ್ ಹೋಗೋದು ನಮ್ಮ ಬಾಲ್ಕನಿಯಿಂದಲೇ

ಕಿಗಾಲಿ ಒಪ್ಪಂದದಿಂದ ಏಸಿ ಗ್ಯಾಸಿನ ಕಾಟ ತಪ್ಪುತ್ತದೆ ಎಂದು ಬರೆದಿದ್ದೀರಿ. ಭೂಮಿಯನ್ನು ಬಿಸಿ ಮಾಡುವ ಇಂಥ ಗ್ಯಾಸುಗಳ ಬಳಕೆಯನ್ನು ದೇಶಗಳೆಲ್ಲ ಹಂತಹಂತವಾಗಿ ಇಳಿಸಬೇಕೆನ್ನುವ ಆ 2016ರ ಒಪ್ಪಂದ ಒಳ್ಳೆಯದೇ, ಭಾರತವೂ 2021ರಲ್ಲಿ ಒಪ್ಪಿದೆ. ಆದರೆ ನಮ್ಮಲ್ಲಿ ಇಳಿಕೆ ಶುರುವಾಗುವುದೇ 2032ರಲ್ಲಿ, ಶೇ. 85ರಷ್ಟು ಇಳಿಸಲು 2047ರವರೆಗೆ ಸಮಯವಿದೆ. ಅಲ್ಲಿಯವರೆಗೆ?

ಕಳೆದ ಬೇಸಿಗೆಯಲ್ಲಿ ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಗೆ ಏಸಿ ರಿಪೇರಿಗೆ ಬಂದವನು ವಿಜಯಪುರ ಕಡೆಯ ಹುಡುಗ. ಗ್ರಿಲ್ ಮೇಲೆ ಕೂತು ನಟ್ಟು ಸಡಿಲಿಸಿದ. ಹಳೆ ಗ್ಯಾಸೆಲ್ಲ ಸುಯ್ಯೆಂದು ಗಾಳಿಗೆ ಹೋಯಿತು, ಪೈಪಿನ ಮೇಲೆ ಬಿಳಿ ಮಂಜು ಕಟ್ಟಿತು. ಅದು ಆರ್-410ಎ ಎಂಬ, ಏಸಿಯನ್ನು ತಂಪು ಮಾಡುವ ಗ್ಯಾಸು. ಒಂದು ಕಿಲೋ ಬಿಟ್ಟರೆ, ಭೂಮಿ ಬಿಸಿಯಾಗುವ ಲೆಕ್ಕದಲ್ಲಿ ಸುಮಾರು ಎರಡು ಟನ್ ಕಾರ್ಬನ್ ಡೈಆಕ್ಸೈಡ್ ಬಿಟ್ಟ ಹಾಗೆ! ಸುಮ್ನೆ ಯಾಕೆ ಬಿಡ್ತೀಯಪ್ಪಾ, ಮಷೀನಿನಿಂದ ಎಳೆದು ಸಿಲಿಂಡರಿಗೆ ತುಂಬಿಕೋಬಾರದಾ ಎಂದೆ.

"ಆ ಮಷೀನ್ ಯಾರು ಕೊಡಸ್ತಾರ ಕಾಕಾ?" ಎಂದ.

ಅವನು ಹೇಳಿದ್ದೂ ಸರಿಯೇ ಅಲ್ವಾ?