ರಾಡಾರ್ ಚಾರ್ಟ್‌ನ ಹೊಟ್ಟೆ ನೋಡಿ ತೀರ್ಪು ಕೊಡಬೇಡಿ

ಮೂರು ಫೋನುಗಳನ್ನೋ ಮೂವರು ಆಟಗಾರರನ್ನೋ ಆರೇಳು ಗುಣಗಳಲ್ಲಿ ಹೋಲಿಸಬೇಕಾದರೆ ಬಹಳ ಜನರ ಕೈ ಮೊದಲು ಹೋಗುವುದು ರಾಡಾರ್ ಚಾರ್ಟಿಗೆ. ನಡುಬಿಂದುವಿನಿಂದ ಗುಣಕ್ಕೊಂದು ಅಕ್ಷ ಎಳೆದು, ಅವುಗಳ ಮೇಲಿನ ಅಂಕಗಳನ್ನು ಗೆರೆಯಿಂದ ಸುತ್ತಲೂ ಜೋಡಿಸಿದ, ಜೇಡರ ಬಲೆಯಂಥ ಆ ಚಿತ್ರ ಸ್ಲೈಡಿನಲ್ಲಿ ಚೆಂದ ಕಾಣುತ್ತದೆ, ಒಪ್ಪೋಣ. ಆದರೆ ನೋಡುವವರ ಕಣ್ಣು ಅಂಕಿಗಳ ಮೇಲೆ ನಿಲ್ಲುವುದಿಲ್ಲ, ಬಣ್ಣ ತುಂಬಿದ ಜಾಗದ ಮೇಲೆ ನಿಲ್ಲುತ್ತದೆ. ಯಾರ ಹೊಟ್ಟೆ ದೊಡ್ಡದೋ ಅವರೇ ಗೆದ್ದಂತೆ!

ಕಾಗದದ ಮೇಲೆ ಲೆಕ್ಕ ಹಾಕಿ ನೋಡಿ. ಆರು ಅಕ್ಷ, ಪ್ರತಿಯೊಂದಕ್ಕೂ ಹತ್ತರ ಅಳತೆ. ಅಂಕಗಳನ್ನು ಸುತ್ತಲೂ 9, 9, 9, 3, 3, 3 ಎಂದು ಜೋಡಿಸಿದರೆ ಒಳಗಿನ ವಿಸ್ತೀರ್ಣ ಸುಮಾರು 101. ಅವೇ ಅಂಕಗಳನ್ನು 9, 3, 9, 3, 9, 3 ಎಂದಿಟ್ಟರೆ ಸುಮಾರು 70. ಎರಡರಲ್ಲೂ ಮೊತ್ತ 36. ಬದಲಾಗಿದ್ದು ಅಕ್ಷಗಳ ಕ್ರಮ ಅಷ್ಟೇ. ಅಕ್ಕಪಕ್ಕದ ಎರಡೆರಡು ಅಂಕಗಳ ಗುಣಲಬ್ಧದಿಂದ ವಿಸ್ತೀರ್ಣ ಹುಟ್ಟುವುದರಿಂದ ಹೀಗಾಗುತ್ತದೆ. ಎಲ್ಲ ಅಂಕಗಳೂ ಎರಡು ಪಟ್ಟಾದರೆ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಕ್ರಮವನ್ನು ಮೊದಲೇ ನಿರ್ಧರಿಸಿ: ಒಂದಕ್ಕೊಂದು ಸಂಬಂಧವಿರುವ ಗುಣಗಳು ಪಕ್ಕಪಕ್ಕ ಬರಲಿ. ಚಿತ್ರ ಬಂದಮೇಲೆ ನಮಗೆ ಬೇಕಾದವರು ದಪ್ಪ ಕಾಣಲೆಂದು ಅಕ್ಷಗಳನ್ನು ಅತ್ತಿತ್ತ ಸರಿಸುವುದು ಮೋಸವೇ.

ಇನ್ನೊಂದು ಎಡವಟ್ಟು ಅಳತೆಯದು. ಎಕ್ಸೆಲ್‌ನಲ್ಲಿ ಎಲ್ಲ ಅಕ್ಷಗಳಿಗೂ ಒಂದೇ ಮಾಪನ. ಬ್ಯಾಟರಿ 5000 ಎಂಎಎಚ್, ತೂಕ 190 ಗ್ರಾಂ, ಕ್ಯಾಮೆರಾ ಅಂಕ 7 ಎಂದು ಹಾಗೇ ಕೊಟ್ಟರೆ ಬ್ಯಾಟರಿಯ ಕಡೆಗೊಂದು ಈಟಿ ಚಾಚಿ, ಉಳಿದದ್ದೆಲ್ಲ ನಡುವೆ ಮುದುಡಿ ಕೂರುತ್ತದೆ. ಮೊದಲು ಎಲ್ಲವನ್ನೂ ಒಂದೇ ಅಳತೆಗೆ ತನ್ನಿ: ಆಯಾ ಫೋನಿನ ಅಂಕಿಯಿಂದ ಆ ಗುಣದ ಕನಿಷ್ಠವನ್ನು ಕಳೆದು, ಗರಿಷ್ಠ ಮತ್ತು ಕನಿಷ್ಠದ ನಡುವಿನ ಅಂತರದಿಂದ ಭಾಗಿಸಿ. ತೂಕದಂತೆ ಕಡಿಮೆಯಾದಷ್ಟೂ ಒಳ್ಳೆಯದಾದರೆ ಗರಿಷ್ಠದಿಂದ ಅಂಕಿಯನ್ನು ಕಳೆದು ಅದೇ ಅಂತರದಿಂದ ಭಾಗಿಸಿ; ಇದನ್ನು ಮರೆತರೆ ಭಾರದ ಫೋನೇ ಮುಂದೆ ಕಾಣುತ್ತದೆ. ಇಲ್ಲೂ ಒಂದು ಗುಂಡಿ ಇದೆ. ಬ್ಯಾಟರಿ 9.8, 10, 10.2 ಗಂಟೆ ಬಾಳಿಕೆ ಬಂದರೆ ಈ ಸೂತ್ರ ಅವನ್ನು 0, 0.5, 1 ಮಾಡುತ್ತದೆ. ಇಪ್ಪತ್ತನಾಲ್ಕು ನಿಮಿಷದ ವ್ಯತ್ಯಾಸಕ್ಕೆ ಒಂದು ಫೋನು ನಡುಬಿಂದುವಿಗೇ ಬೀಳುತ್ತದೆ. ಆದ್ದರಿಂದ ಕನಿಷ್ಠ ಗರಿಷ್ಠಗಳನ್ನು ಕೈಯಲ್ಲಿರುವ ಮೂರು ಫೋನುಗಳಿಂದ ತೆಗೆಯದೆ, ಬಳಕೆಯಲ್ಲಿ ಅರ್ಥವಿರುವ ಮಿತಿಗಳಿಂದ ತೆಗೆಯುವುದು ವಾಸಿ; ಬ್ಯಾಟರಿಗೆ 0ಯಿಂದ 15 ಗಂಟೆ ಅಂತಿಟ್ಟುಕೊಳ್ಳಿ.

ಎಕ್ಸೆಲ್‌ನಲ್ಲಿ ಗುಣಗಳು ಸಾಲಿನಲ್ಲಿ, ಫೋನುಗಳು ಕಾಲಮ್ಮಿನಲ್ಲಿ ಇರಲಿ. ಉಲ್ಟಾ ಬಂದರೆ ಸ್ವಿಚ್ ರೋ/ಕಾಲಮ್ ಒತ್ತಿ. ಅಕ್ಷದ ಕನಿಷ್ಠವನ್ನು ಆಟೊಗೆ ಬಿಡದೆ 0 ಎಂದು ನೀವೇ ಬರೆಯಿರಿ. ಒಳಗೆಲ್ಲ ಬಣ್ಣ ತುಂಬುವ ಫಿಲ್ಡ್ ರಾಡಾರ್ ಆರಿಸಿದರೆ ಮೇಲಿನ ಬಣ್ಣ ಕೆಳಗಿನದನ್ನು ನುಂಗುತ್ತದೆ. ಪಾರದರ್ಶಕತೆ 75ರಿಂದ 80 ಶೇಕಡಾ ಇಡಿ, ಇಲ್ಲವೇ ಗೆರೆಯಷ್ಟೇ ಸಾಕು. ಮಾಹಿತಿ ಸಿಗದ ಕಡೆ 0 ತುಂಬಬೇಡಿ, ಆ ಗುಣವನ್ನೇ ಕೈಬಿಡಿ. ಪೈಥಾನ್ ಭಾಷೆಯಲ್ಲಿ ಚಿತ್ರ ಬಿಡಿಸುವ ಸಾಧನವಾದ ಮ್ಯಾಟ್‌ಪ್ಲಾಟ್‌ಲಿಬ್‌ನಲ್ಲಿ ಬರೆಯುವವರು ಮೊದಲ ಅಂಕಿಯನ್ನೂ ಮೊದಲ ಕೋನವನ್ನೂ ಪಟ್ಟಿಯ ಕೊನೆಗೆ ಇನ್ನೊಮ್ಮೆ ಸೇರಿಸಬೇಕು, ಇಲ್ಲದಿದ್ದರೆ ಗೆರೆ ಒಂದು ಕಡೆ ಬಾಯಿಬಿಟ್ಟುಕೊಂಡೇ ಉಳಿಯುತ್ತದೆ.

ಐದರಿಂದ ಎಂಟು ಅಕ್ಷ, ಒಂದು ಬಲೆಯಲ್ಲಿ ಎರಡು ಅಥವಾ ಮೂರು ಆಕಾರ. ನಾಲ್ಕನೆಯದು ಬಂತೆಂದರೆ ಎಲ್ಲವೂ ಗೋಜಲು. ಆಗ ಒಂದೊಂದಕ್ಕೂ ಬೇರೆ ಬೇರೆ ಚಿಕ್ಕ ಬಲೆ ಹೆಣೆದು, ಅದೇ ಕ್ರಮ ಅದೇ ಅಳತೆಯಲ್ಲಿ ಸಾಲಾಗಿಡಿ. ಯಾವುದು ಎಲ್ಲ ಕಡೆ ಸಮನಾಗಿದೆ, ಯಾವುದು ಒಂದೇ ಕಡೆ ಚಾಚಿದೆ ಎನ್ನುವುದು ಒಂದೇ ನೋಟಕ್ಕೆ ತಿಳಿಯುತ್ತದೆ. ನಮ್ಮ ಮಟ್ಟಿಗೆ ರಾಡಾರ್ ಚಾರ್ಟ್ ನಿಜವಾಗಿ ಚೆನ್ನಾಗಿ ಮಾಡುವ ಕೆಲಸ ಇದೊಂದೇ. "ಎಷ್ಟು ಹೆಚ್ಚು?" ಎಂಬ ಪ್ರಶ್ನೆಗೆ ಉತ್ತರ ಬೇಕಿದ್ದರೆ ಗುಣಕ್ಕೊಂದು ಅಡ್ಡಗೆರೆ ಎಳೆದು, ಅದರ ಮೇಲೆ ಫೋನಿಗೊಂದು ಚುಕ್ಕೆ ಇಡಿ. ನೋಡಲು ಸಪ್ಪೆ, ಆದರೆ ಎರಡು ಚುಕ್ಕೆಗಳ ಅಂತರವನ್ನು ಯಾರು ಬೇಕಾದರೂ ಸರಿಯಾಗಿ ಅಳೆಯುತ್ತಾರೆ.