ಸ್ಪಷ್ಟನೆ: ಸಾಕಿದ ಹಾವಿಗೆ ‘ರಕ್ತದ ರುಚಿ’ ಹತ್ತುವುದಿಲ್ಲ

“ಜೀವಂತ ಇಲಿ ತಿಂದ ಬಾಲ್ ಪೈಥಾನ್‌ಗೆ (ಮನೆಯಲ್ಲಿ ಸಾಕುವ ಒಂದು ಜಾತಿಯ ಸಣ್ಣ ಹೆಬ್ಬಾವು) ರಕ್ತದ ರುಚಿ ಹತ್ತುತ್ತದೆ, ಆಮೇಲೆ ಮನೆಯವರನ್ನೇ ಕಚ್ಚುತ್ತದೆ. ಊಟ ನಿಲ್ಲಿಸಿದರೆ ಸರಿಹೋಗುತ್ತದೆ.” ಅಮೆರಿಕದಲ್ಲಿರುವ ಸ್ನೇಹಿತರಿಗೆ ಹೋದ ವಾರ ನಾನೇ ಈ ಮೆಸೇಜ್ ಕಳಿಸಿದ್ದೆ. ಅದು ತಪ್ಪು, ಕ್ಷಮಿಸಿ.

ಈ ಹಾವಿನ ತುಟಿಯ ಮೇಲೆ ಸಾಲಾಗಿ ಸಣ್ಣ ಗುಳಿಗಳಿರುತ್ತವೆ. ಬಿಸಿ ಎಲ್ಲಿದೆ ಅಂತ ಅವು ಗುರುತಿಸುತ್ತವೆ. ಇಲಿ ಮುಟ್ಟಿದ ಕೈ ತೊಳೆಯದೆ ಹಾವಿನ ಪೆಟ್ಟಿಗೆಯೊಳಗೆ ಹಾಕಿದರೆ ವಾಸನೆಯೂ ಇದೆ, ಬೆಚ್ಚಗೂ ಇದೆ. ಊಟ ಬಂತು ಅಂತಲೇ ಹಾವು ಎರಗುತ್ತದೆ. ಅದು ಸಿಟ್ಟಲ್ಲ. ಪೊರೆ ಬಿಡುವ ಮುಂಚೆ ಕಣ್ಣು ಹಾಲು ಬೆರೆಸಿದ ಹಾಗೆ ಮಂಜಾಗುತ್ತದೆ, ಸರಿಯಾಗಿ ಕಾಣುವುದಿಲ್ಲ. ಆಗ ಹೆದರಿಕೆಯಿಂದಲೂ ಕಚ್ಚಬಹುದು. ನೋವು, ಕಾಯಿಲೆ ಇದ್ದರೂ ಅಷ್ಟೇ. ಇದ್ದಕ್ಕಿದ್ದಂತೆ ಸ್ವಭಾವ ಬದಲಾದರೆ ಹಾವುಗಳನ್ನು ನೋಡುವ ವೆಟ್‌ಗೆ ತೋರಿಸಿ.

ಊಟವನ್ನಂತೂ ನಿಲ್ಲಿಸಬೇಡಿ. ಹಸಿದ ಹಾವು ಜಾಸ್ತಿ ಎರಗುತ್ತದೆ.

ಜೀವಂತ ಇಲಿ ಬೇಡ ಅನ್ನುವುದು ಸರಿಯೇ, ಆದರೆ ಕಾರಣ ಬೇರೆ. ಇಲಿಯೇ ಹಾವನ್ನು ಕಚ್ಚಿ ಕೆಟ್ಟ ಗಾಯ ಮಾಡಬಹುದು. ಫ್ರೀಜ್ ಮಾಡಿದ ಇಲಿಯನ್ನು ಪೂರ್ತಿ ಕರಗಿಸಿ, ಬೆಚ್ಚಗೆ ಮಾಡಿ, ಉದ್ದನೆಯ ಚಿಮಟದಲ್ಲಿ ಕೊಡಿ. ತಿಂದ ಮೇಲೆ 48 ಗಂಟೆ ಎತ್ತಿಕೊಳ್ಳಬೇಡಿ.

ಊರಲ್ಲಿರುವವರಿಗೆ ಒಂದು ಮಾತು: ನಮ್ಮ ನಾಗರ, ಕೇರೆ, ಹೆಬ್ಬಾವುಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಹಿಡಿದು ತಂದು ಸಾಕುವ ಹಾಗಿಲ್ಲ.

ಹಳೆಯ ಮೆಸೇಜ್ ನಿಮ್ಮಲ್ಲಿದ್ದರೆ ದಯವಿಟ್ಟು ಅಳಿಸಿಬಿಡಿ, ಯಾರಿಗೂ ಕಳಿಸಬೇಡಿ.